ಸಾಲಿಸಿಟರೋ, ನೇರ ಬ್ಯಾರಿಸ್ಟರೋ, ಒಬ್ಬರೇ ನಿಲ್ಲುವುದೋ: ಇಂಗ್ಲೆಂಡಿನ ಫ್ಯಾಮಿಲಿ ಕೋರ್ಟಿಗೆ ಹೊರಟವರಿಗೆ

‘ಅಕ್ಕಾ, ಮಕ್ಕಳ ಕೇಸಿಗೆ ಒಳ್ಳೆ ಬ್ಯಾರಿಸ್ಟರ್ ಯಾರಿದ್ದಾರೆ, ಒಂದು ಹೆಸರು ಹೇಳಿ.’ ಯುಗಾದಿ ಊಟಕ್ಕೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ, ಪಾರ್ಕಿಂಗ್ ಜಾಗದಲ್ಲಿ ಮಕ್ಕಳನ್ನು ಕಾರಿಗೆ ಹತ್ತಿಸುವಾಗ, ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ, ಈ ಮಾತು ಯಾವಾಗಲೂ ತಗ್ಗಿದ ದನಿಯಲ್ಲೇ ಬರುತ್ತದೆ. ನಾನು ಹೆಸರು ಹೇಳುವುದಿಲ್ಲ. ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಕೋರ್ಟಿನಿಂದ ಬಂದ ಕಾಗದದಲ್ಲಿ ಮುಂದಿನ ತಾರೀಖಿನ ಎದುರು ಏನು ಬರೆದಿದೆ? ಮನೆಯಲ್ಲಿ ಹೊಡೆತ, ಹೆದರಿಕೆ ಇದೆಯೇ? ಮಗುವಿನ ಪಾಸ್‌ಪೋರ್ಟ್ ಯಾರ ಕೈಯಲ್ಲಿದೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಯಾವ ತರದ ವಕೀಲರು ಬೇಕು ಅನ್ನುವುದು ಮುಕ್ಕಾಲು ಪಾಲು ತೀರ್ಮಾನವಾದ ಹಾಗೆ. ಹೆಸರು ಆಮೇಲಿನ ಮಾತು.

ನಾನು ವಕೀಲೆಯಲ್ಲ, ಈ ದಾರಿಯಲ್ಲಿ ಒಮ್ಮೆ ನಡೆದವಳು. ನನ್ನ ಕೇಸಿನ ಕತೆಯನ್ನೇ ಹೇಳಿದ್ದರೆ ಓದಲು ಚೆನ್ನಾಗಿರುತ್ತಿತ್ತೇನೋ. ಆದರೆ ಇಲ್ಲಿ ಮಕ್ಕಳ ಪ್ರಕರಣಗಳು ನಡೆಯುವುದು ಬಾಗಿಲು ಮುಚ್ಚಿಕೊಂಡು. ಒಳಗಿನ ಮಾತನ್ನು ಹೊರಗೆ ಪ್ರಕಟಿಸಿದರೆ ಕೋರ್ಟ್ ನಿಂದನೆಯಾಗಬಹುದು. (ಆದೇಶದ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವವರು ಈ ಸಾಲನ್ನು ಇನ್ನೊಮ್ಮೆ ಓದಿ.) ಹಾಗಾಗಿ ಕಲಿತದ್ದನ್ನಷ್ಟೇ ಬರೆದಿದ್ದೇನೆ. ಇದೆಲ್ಲ ಇಂಗ್ಲೆಂಡ್ ಮತ್ತು ವೇಲ್ಸಿನ ಲೆಕ್ಕ. ಸ್ಕಾಟ್ಲೆಂಡಿನಲ್ಲಿ ಕಾನೂನೂ ಬೇರೆ, ವಕೀಲರ ಏರ್ಪಾಟೂ ಬೇರೆ.

ಬ್ಯಾರಿಸ್ಟರ್ ಅಂದರೆ ‘ದೊಡ್ಡ ವಕೀಲ’ ಅಲ್ಲ

ಗಾಂಧೀಜಿ ಇನ್ನರ್ ಟೆಂಪಲ್‌ನಿಂದ, ಅಂಬೇಡ್ಕರ್ ಗ್ರೇಸ್ ಇನ್‌ನಿಂದ ಬ್ಯಾರಿಸ್ಟರ್ ಆಗಿ ಬಂದವರು. ಆ ಕಾಲದಿಂದ ನಮ್ಮ ಕಡೆ ಆ ಪದಕ್ಕೆ ಒಂದು ಗತ್ತು ಅಂಟಿಕೊಂಡಿದೆ. ಭಾರತದಲ್ಲಿ 1961ರ ಅಡ್ವೊಕೇಟ್ಸ್ ಕಾಯ್ದೆ ಬಂದಮೇಲೆ ಎಲ್ಲರೂ ಅಡ್ವೊಕೇಟರೇ ಆದರು. ಊರಲ್ಲಿ ವಕಾಲತ್ತಿಗೆ ಸಹಿ ಹಾಕಿಸಿಕೊಂಡವರೇ ಅರ್ಜಿ ಬರೆದು, ಕೋರ್ಟಿನಲ್ಲಿ ನಿಂತು, ಪಾಟೀಸವಾಲನ್ನೂ ಮಾಡುತ್ತಾರೆ. ಇಲ್ಲಿ ಆ ಕೆಲಸ ಇಬ್ಬರಿಗೆ ಹಂಚಿಹೋಗಿದೆ. ಸಾಲಿಸಿಟರ್ ಫೈಲು ನಡೆಸುತ್ತಾರೆ: ಅರ್ಜಿ ಹಾಕುವುದು, ಎದುರು ಪಕ್ಷದ ಜೊತೆ ಪತ್ರ ವ್ಯವಹಾರ, ಗಡುವು ಕಾಯುವುದು. ಬ್ಯಾರಿಸ್ಟರ್ ಕೋರ್ಟಿನಲ್ಲಿ ನಿಂತು ಮಾತಾಡುತ್ತಾರೆ, ಕೇಸಿನ ಬಲಾಬಲ ನೋಡಿ ಅಭಿಪ್ರಾಯ ಕೊಡುತ್ತಾರೆ. ಒಬ್ಬರು ಮೇಲೆ, ಇನ್ನೊಬ್ಬರು ಕೆಳಗೆ ಅಂತೇನಿಲ್ಲ. ಮಕ್ಕಳ ಕೇಸುಗಳಲ್ಲಿ ಇಪ್ಪತ್ತು ವರ್ಷ ಮುಳುಗೆದ್ದ ಸಾಲಿಸಿಟರಿಗೆ ತಿಳಿದಿರುವುದು, ಆಸ್ತಿ ಭಾಗದಲ್ಲಿ ಹೆಸರು ಮಾಡಿದ ಬ್ಯಾರಿಸ್ಟರಿಗೆ ತಿಳಿದಿರಬೇಕಾಗಿಲ್ಲ.

ಮೊದಲೆಲ್ಲ ಬ್ಯಾರಿಸ್ಟರ್ ಬೇಕೆಂದರೆ ಸಾಲಿಸಿಟರ್ ಮೂಲಕವೇ ಹೋಗಬೇಕಿತ್ತು. 2004ರಿಂದ ಜನ ನೇರವಾಗಿಯೂ ಬ್ಯಾರಿಸ್ಟರ್ ಹತ್ತಿರ ಹೋಗಬಹುದು; ಇದಕ್ಕೆ ಡೈರೆಕ್ಟ್ ಆಕ್ಸೆಸ್ ಅಥವಾ ಪಬ್ಲಿಕ್ ಆಕ್ಸೆಸ್ ಅನ್ನುತ್ತಾರೆ. ಜನ ಗೊಂದಲಕ್ಕೆ ಬೀಳುವುದು ಇಲ್ಲೇ.

ಯಾವುದರಿಂದ ಅಳೆಯಬೇಕು

ಮೊದಲನೆಯದು, ಕೇಸು ಯಾರ ನಡುವೆ. ತಂದೆ ತಾಯಿ ನಡುವಿನ ಜಗಳವಾದರೆ ಅದು ಪ್ರೈವೇಟ್ ಲಾ. ಕೌನ್ಸಿಲ್ಲಿನ ಸೋಷಿಯಲ್ ಸರ್ವಿಸಸ್ ಮಗುವನ್ನು ತನ್ನ ಆರೈಕೆಗೆ ತೆಗೆದುಕೊಳ್ಳಲು 1989ರ ಚಿಲ್ಡ್ರನ್ ಆ್ಯಕ್ಟಿನ 31ನೇ ಸೆಕ್ಷನ್ ಕೆಳಗೆ ಅರ್ಜಿ ಹಾಕಿದ್ದರೆ ಅದು ಪಬ್ಲಿಕ್ ಲಾ. ಎರಡನೆಯದಾದರೆ ಈ ಹೋಲಿಕೆಯನ್ನೆಲ್ಲ ಪಕ್ಕಕ್ಕಿಡಿ. ಆ ಕೇಸಿನಲ್ಲಿ ತಂದೆ ತಾಯಿಗೆ ಲೀಗಲ್ ಏಯ್ಡ್ (ಸರ್ಕಾರವೇ ವಕೀಲರ ಫೀಸು ಕೊಡುವ ನೆರವು) ಸಿಗುತ್ತದೆ, ಸಂಬಳ ಎಷ್ಟೇ ಇರಲಿ. ಲಾ ಸೊಸೈಟಿಯ ಚಿಲ್ಡ್ರನ್ ಲಾ ಮಾನ್ಯತೆ ಇರುವ, ಲೀಗಲ್ ಏಯ್ಡ್ ಕೆಲಸ ಮಾಡುವ ಸಾಲಿಸಿಟರಿಗೆ ಇವತ್ತೇ ಫೋನ್ ಮಾಡಿ. ಬ್ಯಾರಿಸ್ಟರನ್ನು ಅವರೇ ಗೊತ್ತುಮಾಡುತ್ತಾರೆ. ‘ಪುಕ್ಕಟೆ ವಕೀಲರು ಸರಿ ನೋಡಲ್ಲ’ ಅಂತ ದುಡ್ಡು ಕೊಟ್ಟು ಬೇರೆಯವರನ್ನು ಹಿಡಿದ ಒಂದು ಸಂಸಾರ ನನಗೆ ಗೊತ್ತು. ಅದೇ ಚೇಂಬರ್ಸಿನ (ಬ್ಯಾರಿಸ್ಟರುಗಳು ಸೇರಿ ನಡೆಸುವ ಕಚೇರಿ) ಬ್ಯಾರಿಸ್ಟರುಗಳು ಲೀಗಲ್ ಏಯ್ಡ್ ಕೆಲಸವನ್ನೂ ದುಡ್ಡಿನ ಕೆಲಸವನ್ನೂ ಮಾಡುತ್ತಾರೆಂದು ಅವರಿಗೆ ತಿಳಿಯುವಷ್ಟರಲ್ಲಿ ಉಳಿತಾಯ ಕರಗಿತ್ತು.

ಎರಡನೆಯದು, ಕೇಸು ಯಾವ ಹಂತದಲ್ಲಿದೆ. ತಂದೆ ತಾಯಿ ಕೇಸು ಸಾಮಾನ್ಯವಾಗಿ ಸಿ100 ಅನ್ನುವ ಅರ್ಜಿಯಿಂದ ಶುರು. ಶುಲ್ಕ 260 ಪೌಂಡ್ ಆಸುಪಾಸು. ಅದಕ್ಕೂ ಮೊದಲು, ವಿನಾಯಿತಿ ಇಲ್ಲದಿದ್ದರೆ, ಮಯಾಮ್ ಎಂಬ ಮಧ್ಯಸ್ಥಿಕೆ ಪರಿಚಯದ ಸಭೆಗೆ ಹೋಗಿ ಬಂದಿರಬೇಕು. ಅರ್ಜಿ ಹಾಕಿದ ಮೇಲೆ ಕ್ಯಾಫ್‌ಕ್ಯಾಸ್ ಎಂಬ ಸಂಸ್ಥೆ ಇಬ್ಬರಿಗೂ ಫೋನ್ ಮಾಡಿ, ಪೊಲೀಸ್ ಮತ್ತು ಕೌನ್ಸಿಲ್ ದಾಖಲೆ ನೋಡಿ, ಕೋರ್ಟಿಗೆ ಸುರಕ್ಷತೆಯ ಪತ್ರ ಕಳಿಸುತ್ತದೆ. ಆಮೇಲೆ ಮೊದಲ ವಿಚಾರಣೆ. ದೌರ್ಜನ್ಯದ ಆರೋಪ ಇದ್ದರೆ ನಿಜ ಯಾವುದೆಂದು ತೀರ್ಮಾನಿಸುವ ಫ್ಯಾಕ್ಟ್ ಫೈಂಡಿಂಗ್ ವಿಚಾರಣೆ, ಬೇಕಾದರೆ ಮಗುವಿನ ಹಿತದ ಬಗ್ಗೆ ಕ್ಯಾಫ್‌ಕ್ಯಾಸ್ ಅಥವಾ ಕೌನ್ಸಿಲ್ ಬರೆಯುವ ಸೆಕ್ಷನ್ 7 ವರದಿ, ಕೊನೆಗೆ ಫೈನಲ್ ಹಿಯರಿಂಗ್. ಕೆಲವು ಕೋರ್ಟುಗಳಲ್ಲಿ ಪಾಥ್‌ಫೈಂಡರ್ ಅನ್ನುವ ಹೊಸ ಪದ್ಧತಿ ಬಂದಿದೆ. ಅಲ್ಲಿ ಮಗುವಿನ ಬಗೆಗಿನ ವರದಿ ಮೊದಲೇ ತಯಾರಾಗುತ್ತದೆ. ಈ ತಾರೀಖುಗಳೆಲ್ಲ ಒಂದೇ ತೂಕದವಲ್ಲ. ನನ್ನ ಕಣ್ಣಿಗೆ ಕೇಸಿನ ದಿಕ್ಕು ಬದಲಿಸುವುದು ಎರಡೇ: ಫ್ಯಾಕ್ಟ್ ಫೈಂಡಿಂಗ್ ಮತ್ತು ಫೈನಲ್.

ಮೂರನೆಯದು, ಕಾಗದದ ಕೆಲಸ ಯಾರ ಪಾಲು. ಇಮೇಲುಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸುವ, ಗಡುವು ತಪ್ಪದ, ಎದುರು ಪಕ್ಷದವರು ಚುಚ್ಚಿ ಬರೆದ ಪತ್ರ ಓದಿ ರಾತ್ರಿ ನಿದ್ದೆಗೆಡದ ಮನುಷ್ಯರು ನೀವೇ? ಸಾಫ್ಟ್‌ವೇರ್ ಕೆಲಸದವರು ‘ಅದೇನು ಮಹಾ’ ಅನ್ನುತ್ತಾರೆ. ಸ್ಪ್ರೆಡ್‌ಶೀಟ್ ಚೆನ್ನಾಗಿಯೇ ಬರುತ್ತದೆ, ನಿದ್ದೆ ಮಾತ್ರ ಬರುವುದಿಲ್ಲ.

ಕೊನೆಯದು ದುಡ್ಡು. ಮಕ್ಕಳ ಕೇಸಿನಲ್ಲಿ ಗೆದ್ದರೂ ಖರ್ಚು ಎದುರು ಪಕ್ಷದಿಂದ ವಾಪಸ್ ಬರುವುದು ಅಪರೂಪ. ಅವರವರ ಖರ್ಚು ಅವರವರದು. ಗೆದ್ದವ ಸೋತ, ಸೋತವ ಸತ್ತ ಅನ್ನುವ ಗಾದೆ ಮಾಡಿದವರು ಈ ಕೋರ್ಟನ್ನೂ ನೋಡಿದ್ದರೇನೋ. ಆದ್ದರಿಂದ ‘ಎಷ್ಟಾದರೂ ಸರಿ’ ಎಂದು ಶುರುಮಾಡಬೇಡಿ. ನಿಮ್ಮ ಕೈಲಾಗುವ ಮೊತ್ತ ಬರೆದಿಟ್ಟು, ಅದು ಯಾವ ದಿನಕ್ಕೆ ಮೀಸಲು ಎಂದು ಮೊದಲೇ ನಿರ್ಧರಿಸಿ.

ಸಾಲಿಸಿಟರ್ ಜೊತೆಗೆ ಬ್ಯಾರಿಸ್ಟರ್

ಹಳೆಯ ದಾರಿ, ಎಲ್ಲಕ್ಕಿಂತ ದುಬಾರಿ, ಎಲ್ಲಕ್ಕಿಂತ ನಿಶ್ಚಿಂತೆ. ಲಂಡನ್ನಿನ ಹೊರಗೆ ಅನುಭವವಿರುವ ಸಾಲಿಸಿಟರಿಗೆ ಗಂಟೆಗೆ 250ರಿಂದ 300 ಪೌಂಡ್ ಅಂದರೆ ಆಶ್ಚರ್ಯಪಡಬೇಡಿ. ಲಂಡನ್ ನಡುವಿನಲ್ಲಿ ಅದರ ದುಪ್ಪಟ್ಟೂ ಆಗಬಹುದು. ಮೇಲೆ 20 ಪರ್ಸೆಂಟ್ ವ್ಯಾಟ್. ಹೆಚ್ಚಿನ ಕಚೇರಿಗಳು ಆರು ನಿಮಿಷಕ್ಕೆ ಒಂದು ಯೂನಿಟ್ ಲೆಕ್ಕ ಹಾಕುತ್ತವೆ. ‘ನಮಸ್ಕಾರ, ಒಂದು ಸಣ್ಣ ಡೌಟು’ ಎಂಬ ಇಮೇಲೂ ಒಂದು ಯೂನಿಟ್ಟೇ. ನಮ್ಮವರು ಬಿಲ್ಲು ನೋಡಿ ಬೆಚ್ಚಿಬೀಳುವುದು ವಿಚಾರಣೆಯ ಫೀಸಿಗಲ್ಲ, ಈ ಯೂನಿಟ್ಟುಗಳಿಗೆ. ಹತ್ತು ಡೌಟು ಸೇರಿಸಿ ವಾರಕ್ಕೊಂದು ಇಮೇಲ್ ಬರೆಯುವುದನ್ನು ರೂಢಿ ಮಾಡಿಕೊಂಡರೆ ಇಲ್ಲೇ ನೂರಾರು ಪೌಂಡ್ ಉಳಿಯುತ್ತದೆ.

ಯಾರಿಗೆ ಇದು ಬೇಕೇಬೇಕು? ಎದುರಿಗಿರುವವರು ಹಿಂಸೆ ಕೊಟ್ಟವರು, ಅವರ ಪತ್ರ ನೇರ ನಿಮ್ಮ ಕೈಗೆ ಬರಬಾರದು ಅನ್ನುವವರಿಗೆ. ಬೇರೆ ದೇಶದ ಎಳೆ ಇರುವವರಿಗೆ. ಮಗು, ಮನೆ, ಪಿಂಚಣಿ ಎಲ್ಲ ಒಟ್ಟಿಗೆ ಗಂಟು ಬಿದ್ದಿರುವವರಿಗೆ. ರೆಸಲ್ಯೂಷನ್ ಎಂಬ ಸಂಘದ ಸದಸ್ಯರಾದ ಸಾಲಿಸಿಟರುಗಳು ಜಗಳ ಹೆಚ್ಚಿಸದೆ ಕೆಲಸ ಮಾಡುತ್ತೇವೆ ಎಂಬ ನೀತಿಸಂಹಿತೆಗೆ ಒಪ್ಪಿಕೊಂಡವರು. ನಾನಾದರೆ ಹುಡುಕಾಟ ಅಲ್ಲಿಂದ ಶುರುಮಾಡುತ್ತೇನೆ. ಮೊದಲ ಭೇಟಿಯಲ್ಲೇ ‘ಅವರನ್ನು ಮಣ್ಣುಮುಕ್ಕಿಸೋಣ’ ಅನ್ನುವವರಿಂದ ನಾನು ದೂರ.

ನೇರ ಬ್ಯಾರಿಸ್ಟರ್

ಇದು ಅಗ್ಗ ಅನ್ನುವುದಕ್ಕಿಂತ ಮೊತ್ತ ಮೊದಲೇ ಗೊತ್ತಾಗುವ ದಾರಿ ಅನ್ನುವುದು ಸರಿ. ಚೇಂಬರ್ಸಿನ ಕ್ಲರ್ಕ್ ಒಂದು ವಿಚಾರಣೆಗೆ ಇಷ್ಟು ಎಂದು ನಿಗದಿತ ಫೀಸು ಹೇಳುತ್ತಾರೆ, ಒಪ್ಪಂದದ ಪತ್ರ ಬರುತ್ತದೆ, ಮುಂಗಡ ಕಟ್ಟುತ್ತೀರಿ. ಒಂದು ಗಂಟೆಯ ಮೊದಲ ವಿಚಾರಣೆಗೆ ಕಿರಿಯ ಬ್ಯಾರಿಸ್ಟರ್ ಕೆಲವು ನೂರು ಪೌಂಡಿಗೆ ಸಿಗಬಹುದು. ಹಲವು ದಿನದ ಫೈನಲ್ ಅಂದರೆ ಸಾವಿರಗಳ ಲೆಕ್ಕ. ಇಲ್ಲಿ ಕ್ಲರ್ಕ್ ಅಂದರೆ ನಮ್ಮ ಕಚೇರಿ ಗುಮಾಸ್ತರಲ್ಲ. ಯಾವ ಬ್ಯಾರಿಸ್ಟರ್ ಯಾವ ಕೇಸಿಗೆ, ಫೀಸು ಎಷ್ಟು ಅನ್ನುವುದರಲ್ಲಿ ಅವರ ಮಾತು ನಡೆಯುತ್ತದೆ. ಅವರ ಜೊತೆ ಚೌಕಾಶಿ ಮಾಡುವುದು ಅಸಭ್ಯವೇನಲ್ಲ.

ಆದರೆ ಕೆಲವು ಗೋಡೆಗಳಿವೆ. ವಿಶೇಷ ಅನುಮತಿ ಪಡೆಯದ ಬ್ಯಾರಿಸ್ಟರ್ ನಿಮ್ಮ ಪರವಾಗಿ ಅರ್ಜಿ ದಾಖಲಿಸುವಂತಿಲ್ಲ, ಕಾಗದ ಜಾರಿ ಮಾಡುವಂತಿಲ್ಲ. ಹೇಳಿಕೆಯ ಕರಡು ತಿದ್ದಿಕೊಡುತ್ತಾರೆ, ಆದರೆ ಕೋರ್ಟಿಗೆ ಸಲ್ಲಿಸುವವರು ನೀವು. ಕಕ್ಷಿದಾರರ ದುಡ್ಡನ್ನು ಅವರು ಇಟ್ಟುಕೊಳ್ಳುವಂತಿಲ್ಲ. ಲೀಗಲ್ ಏಯ್ಡ್ ಈ ದಾರಿಯಲ್ಲಿ ಬರುವುದಿಲ್ಲ. ಇನ್ನೊಂದು ಸಂಗತಿ ಹೆಚ್ಚು ಜನಕ್ಕೆ ಗೊತ್ತಿಲ್ಲ: ಸಾಲಿಸಿಟರ್ ಮೂಲಕ ಬಂದ ಕೇಸನ್ನು ಬ್ಯಾರಿಸ್ಟರ್ ಸಕಾರಣವಿಲ್ಲದೆ ನಿರಾಕರಿಸುವಂತಿಲ್ಲ ಎಂಬ ನಿಯಮವಿದೆ, ಕ್ಯಾಬ್ ರ‍್ಯಾಂಕ್ ರೂಲ್ ಅಂತ. ನೇರವಾಗಿ ಹೋದವರಿಗೆ ಅದು ಅನ್ವಯಿಸುವುದಿಲ್ಲ. ನಿಮ್ಮ ಕೇಸು ನೇರ ದಾರಿಗೆ ತಕ್ಕದ್ದಲ್ಲ ಅನ್ನಿಸಿದರೆ ‘ಆಗುವುದಿಲ್ಲ’ ಅನ್ನುತ್ತಾರೆ. ಹಾಗೆ ಅಂದವರ ಮೇಲೆ ಕೋಪ ಬೇಡ. ಎಲ್ಲಕ್ಕೂ ಹೂಂ ಅನ್ನುವವರನ್ನು ಕಂಡರೆ ನನಗೆ ಹೆಚ್ಚು ಭಯ.

ಬಾರ್ ಕೌನ್ಸಿಲ್ಲಿನ ಡೈರೆಕ್ಟ್ ಆಕ್ಸೆಸ್ ಪೋರ್ಟಲ್‌ನಲ್ಲಿ ಹೆಸರುಗಳು ಸಿಗುತ್ತವೆ. ಸಿಕ್ಕ ಹೆಸರನ್ನು ಬಾರ್ ಸ್ಟ್ಯಾಂಡರ್ಡ್ಸ್ ಬೋರ್ಡಿನ ರಿಜಿಸ್ಟರಿನಲ್ಲಿ ಹಾಕಿ ನೋಡಿ: ವೃತ್ತಿ ಪರವಾನಗಿ ಇದೆಯೇ, ಪಬ್ಲಿಕ್ ಆಕ್ಸೆಸ್ ಅನುಮತಿ ಇದೆಯೇ, ಶಿಸ್ತು ಕ್ರಮ ಏನಾದರೂ ಆಗಿದೆಯೇ. ಐದು ನಿಮಿಷದ ಕೆಲಸ.

ಎರಡರ ನಡುವಿನ ದಾರಿ

ಮಧ್ಯಮ ವರ್ಗದ ಹೆಚ್ಚಿನ ಕೇಸುಗಳಿಗೆ ನಾನು ಸೂಚಿಸುವುದು ಇದನ್ನೇ. ಸಾಲಿಸಿಟರಿಗೆ ಇಡೀ ಫೈಲು ಒಪ್ಪಿಸದೆ ಬಿಡಿ ಬಿಡಿಯಾಗಿ ಕೆಲಸ ಕೊಡುವುದು: ಆರಂಭದಲ್ಲಿ ಒಂದು ಗಂಟೆ ಸಲಹೆ, ಹೇಳಿಕೆ ಬರೆದ ಮೇಲೆ ಒಮ್ಮೆ ತಿದ್ದುಪಡಿ. ನಡುವಿನ ಸಣ್ಣ ವಿಚಾರಣೆಗಳಿಗೆ ನೀವೇ ಹೋಗುವುದು. ದಿಕ್ಕು ಬದಲಿಸುವ ದಿನಕ್ಕೆ ಮಾತ್ರ ನೇರ ಬ್ಯಾರಿಸ್ಟರ್. ತೊಂದರೆ ಏನೆಂದರೆ ಫೈಲನ್ನು ಆದಿಯಿಂದ ಅಂತ್ಯದವರೆಗೆ ಬಲ್ಲವರು ನೀವೊಬ್ಬರೇ ಆಗುತ್ತೀರಿ. ಬ್ಯಾರಿಸ್ಟರ್ ಹಿಂದಿನ ರಾತ್ರಿ ಓದುವುದು ನೀವು ಜೋಡಿಸಿಕೊಟ್ಟ ಬಂಡಲ್ಲನ್ನೇ, ಅಂದರೆ ಕೇಸಿನ ಕಾಗದಗಳ ಕಟ್ಟನ್ನೇ. ಅದರಲ್ಲಿ ಶಾಲೆಯ ಪತ್ರ ಬಿಟ್ಟುಹೋಗಿದ್ದರೆ ಅವರ ವಾದದಲ್ಲೂ ಅದು ಇರುವುದಿಲ್ಲ. ನನ್ನ ಬಂಡಲ್ಲಿನಲ್ಲಿ ಪುಟ ಸಂಖ್ಯೆಯೇ ಹೊಂದಿರಲಿಲ್ಲ. ಅದನ್ನು ಸರಿಮಾಡುವುದರಲ್ಲೇ ಮೊದಲ ಅರ್ಧ ಗಂಟೆ ಹೋಯಿತು, ಅದೂ ನನ್ನ ದುಡ್ಡಿನಲ್ಲಿ.

ಒಬ್ಬರೇ ನಿಲ್ಲುವುದು

2013ರ ಏಪ್ರಿಲ್‌ನಿಂದ ತಂದೆ ತಾಯಿ ನಡುವಿನ ಹೆಚ್ಚಿನ ಕೇಸುಗಳಿಗೆ ಲೀಗಲ್ ಏಯ್ಡ್ ನಿಂತುಹೋದ ಮೇಲೆ ವಕೀಲರಿಲ್ಲದೆ ನಿಲ್ಲುವವರು ಕೋರ್ಟಿಗೆ ಹೊಸಬರಲ್ಲ. ಎಷ್ಟೋ ಕೇಸುಗಳನ್ನು ಕೇಳುವವರು ಇಬ್ಬರು ಅಥವಾ ಮೂವರು ಮ್ಯಾಜಿಸ್ಟ್ರೇಟರು, ಜೊತೆಗೆ ಕಾನೂನು ಸಲಹೆಗಾರರೊಬ್ಬರು. ಸಾಮಾನ್ಯವಾಗಿ ಸಮಾಧಾನದಿಂದಲೇ ಕೇಳುತ್ತಾರೆ. ವಾರಾಂತ್ಯ ಎಷ್ಟು, ಬೇಸಿಗೆ ರಜೆ ಹೇಗೆ ಹಂಚುವುದು ಅನ್ನುವಷ್ಟೇ ತಕರಾರಿದ್ದು ಇಬ್ಬರಿಗೂ ಮಗು ಮುಖ್ಯವಾಗಿದ್ದರೆ ಈ ದಾರಿ ಕೆಟ್ಟದ್ದಲ್ಲ.

ಜೊತೆಗೆ ಮೆಕೆಂಜಿ ಫ್ರೆಂಡ್, ಅಂದರೆ ನಿಮ್ಮ ವಕೀಲರಾಗಿ ಅಲ್ಲದೆ ಬರೀ ನೆರವಿಗೆ ಬರುವ ಒಬ್ಬರನ್ನು ಕೂರಿಸಿಕೊಳ್ಳಲು ಕೋರ್ಟು ಸಾಮಾನ್ಯವಾಗಿ ಬಿಡುತ್ತದೆ. ಹೆಸರು ಬಂದದ್ದು 1970ರ ಒಂದು ವಿಚ್ಛೇದನ ಪ್ರಕರಣದಿಂದ. ಅವತ್ತು ಮೆಕೆಂಜಿಯ ಪಕ್ಕ ಕೂತು ಸಹಾಯ ಮಾಡಲು ಬಂದಿದ್ದವರು ಆಸ್ಟ್ರೇಲಿಯಾದ ಬ್ಯಾರಿಸ್ಟರ್. ಮೆಕೆಂಜಿ ಫ್ರೆಂಡ್ ಆದವರು ಟಿಪ್ಪಣಿ ಬರೆಯಬಹುದು, ಮೆಲ್ಲಗೆ ಕಿವಿಯಲ್ಲಿ ಹೇಳಬಹುದು. ಎದ್ದು ನಿಂತು ವಾದಿಸುವ ಹಕ್ಕಿಲ್ಲ. ಸ್ನೇಹಿತರಾಗಿ ಬಂದರೆ ಸಂತೋಷ. ದುಡ್ಡು ತೆಗೆದುಕೊಂಡು ಬರುವವರೂ ಇದ್ದಾರೆ. ಅವರ ಮೇಲೆ ಯಾವ ನಿಯಂತ್ರಕ ಸಂಸ್ಥೆಯೂ ಇಲ್ಲ, ತಪ್ಪಾದರೆ ದೂರು ಕೊಡಲು ಜಾಗವೂ ಇಲ್ಲ. ಅವರು ದಿನಕ್ಕೆ ಕೇಳುವ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದರೆ ಕಿರಿಯ ಬ್ಯಾರಿಸ್ಟರೇ ಸಿಗುವುದಾದರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಬೆಂಗಳೂರಿನಲ್ಲಿ ವಕೀಲರಾಗಿರುವ ಭಾವನನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಳ್ಳುವ ಯೋಚನೆಯೂ ನಮ್ಮಲ್ಲಿ ಬರುತ್ತದೆ. ಕೂರಬಹುದು. ಆದರೆ ಕುಟುಂಬದವರು ಪಕ್ಕದಲ್ಲಿದ್ದರೆ ಕೇಸು ಮಗುವಿನದಾಗಿ ಉಳಿಯುವುದಿಲ್ಲ, ಮನೆತನದ್ದಾಗುತ್ತದೆ.

ದುಡ್ಡಿಲ್ಲ, ಕೇಸು ಗಂಭೀರ ಅನ್ನುವವರು ಅಡ್ವೊಕೇಟ್ ಎಂಬ ದತ್ತಿ ಸಂಸ್ಥೆಗೆ ಅರ್ಜಿ ಹಾಕಿ. ಬ್ಯಾರಿಸ್ಟರುಗಳು ಅದರ ಮೂಲಕ ಉಚಿತವಾಗಿ ನಿಲ್ಲುತ್ತಾರೆ. ಸಿಕ್ಕೇ ಸಿಗುತ್ತದೆಂಬ ಭರವಸೆ ಇಲ್ಲ, ಹಾಗಾಗಿ ವಾರಗಟ್ಟಲೆ ಮೊದಲೇ ಹಾಕಬೇಕು.

ಕೋರ್ಟಿನ ಹೊರಗೆ

ಇದನ್ನು ಚಿಕ್ಕದಾಗಿ ಮುಗಿಸುತ್ತೇನೆ, ಚಿಕ್ಕ ವಿಷಯ ಅಂತಲ್ಲ. ಇದಕ್ಕೆ ಒಗ್ಗುವವರಿಗೆ ಹೆಚ್ಚು ವಿವರ ಬೇಕಾಗಿಲ್ಲ. ಮಧ್ಯಸ್ಥಿಕೆಗೆ ಸರ್ಕಾರದ ವೋಚರ್ ಯೋಜನೆಯಲ್ಲಿ ಒಂದು ಕುಟುಂಬಕ್ಕೆ 500 ಪೌಂಡ್‌ವರೆಗೆ ಸಿಗುತ್ತದೆ. ಇಬ್ಬರೂ ಸೇರಿ ಒಬ್ಬರೇ ಬ್ಯಾರಿಸ್ಟರ್ ಹತ್ತಿರ ಹೋಗಿ ‘ಇದು ಕೋರ್ಟಿಗೆ ಹೋದರೆ ಏನಾಗಬಹುದು’ ಎಂದು ನಿಷ್ಪಕ್ಷ ಅಭಿಪ್ರಾಯ ಕೇಳುವ ಪದ್ಧತಿಯೂ ಈಗ ಬೆಳೆಯುತ್ತಿದೆ. ಎರಡು ದಿನದ ಜಗಳದ ಖರ್ಚಿಗಿಂತ ಇದು ಕಡಿಮೆ. ಹೆದರಿಕೆ ಇರುವ ಮನೆಗೆ ಮಾತ್ರ ಇದನ್ನು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ಒಬ್ಬರು ಬಾಯಿ ಬಿಡಲು ಹೆದರುವ ಕೋಣೆಯಲ್ಲಿ ಆಗುವ ಒಪ್ಪಂದ ಒಪ್ಪಂದವಲ್ಲ. ನಮ್ಮ ಹಿರಿಯರು ಕೂತು ಮಾಡುವ ‘ಪಂಚಾಯ್ತಿ’ಗೂ ಈ ಮಾತು ಸಲ್ಲುತ್ತದೆ.

ಹೊಡೆತ, ಹೆದರಿಕೆ ಇದ್ದರೆ

ಲೆಕ್ಕವೇ ಬದಲಾಗುತ್ತದೆ. ದೌರ್ಜನ್ಯಕ್ಕೆ ಪುರಾವೆ (ವೈದ್ಯರ ಪತ್ರ, ಪೊಲೀಸ್ ದಾಖಲೆ, ಸಹಾಯ ಸಂಸ್ಥೆಯ ಪತ್ರ) ಇದ್ದರೆ ಆದಾಯ ಪರೀಕ್ಷೆಯ ಮೇಲೆ ಲೀಗಲ್ ಏಯ್ಡ್ ಸಿಗಬಹುದು. 1996ರ ಫ್ಯಾಮಿಲಿ ಲಾ ಆ್ಯಕ್ಟಿನ ಕೆಳಗೆ ರಕ್ಷಣೆಯ ಆದೇಶ ಕೇಳಲು ಕೋರ್ಟ್ ಶುಲ್ಕವೇ ಇಲ್ಲ. ಹಿಂಸೆ ಅಂದರೆ ಹೊಡೆತ ಮಾತ್ರವಲ್ಲ. ಸಂಬಳದ ಕಾರ್ಡ್ ಕಿತ್ತಿಟ್ಟುಕೊಳ್ಳುವುದು, ವೀಸಾ ರದ್ದು ಮಾಡಿಸುತ್ತೇನೆಂದು ಹೆದರಿಸುವುದು, ತವರಿಗೆ ಫೋನ್ ಮಾಡಲು ಬಿಡದಿರುವುದು ಕೂಡ ಇಲ್ಲಿನ ಕಾನೂನಿನ ಕಣ್ಣಿಗೆ ಬೀಳುತ್ತವೆ. 2021ರ ಡೊಮೆಸ್ಟಿಕ್ ಅಬ್ಯೂಸ್ ಆ್ಯಕ್ಟ್ ಬಂದಮೇಲೆ, ಹಿಂಸೆ ಕೊಟ್ಟವರೇ ನಿಂತು ನಿಮಗೆ ಪಾಟೀಸವಾಲು ಹಾಕುವುದನ್ನು ಕೋರ್ಟು ತಡೆಯಬಹುದು. ಕೆಲವು ಸಂದರ್ಭಗಳಲ್ಲಿ ತಡೆಯಲೇಬೇಕು. ಆಗ ಪ್ರಶ್ನೆ ಕೇಳುವ ಕೆಲಸಕ್ಕಷ್ಟೇ ಕೋರ್ಟು ಒಬ್ಬ ವಕೀಲರನ್ನು ನೇಮಿಸಬಹುದು. ಆದರೆ ಅವರು ನಿಮ್ಮ ವಕೀಲರೂ ಅಲ್ಲ, ಎದುರಿನವರ ವಕೀಲರೂ ಅಲ್ಲ. ಆ ದಿನ ನಿಮ್ಮ ಪರ ಯಾರಾದರೂ ಇರಲೇಬೇಕು. ಫ್ಯಾಕ್ಟ್ ಫೈಂಡಿಂಗ್‌ನಲ್ಲಿ ‘ಇದು ನಡೆದಿಲ್ಲ’ ಅಂತ ತೀರ್ಮಾನವಾದರೆ ಮುಂದಿನ ಪ್ರತಿ ವಿಚಾರಣೆಯೂ ಅದು ನಡೆದೇ ಇಲ್ಲ ಅನ್ನುವ ನೆಲೆಯಲ್ಲೇ ಸಾಗುತ್ತದೆ. ಕೈಯಲ್ಲಿರುವುದು ಒಂದೇ ದಿನದ ಬ್ಯಾರಿಸ್ಟರ್ ಫೀಸು ಅಂದರೆ ಅದನ್ನು ಇಲ್ಲಿಗೇ ಇಡಿ. ಸುಳ್ಳು ಆರೋಪ ಹೊತ್ತು ನಿಂತವರಿಗೂ ಇದೇ ಮಾತು.

ಇಂಗ್ಲಿಷಿನಲ್ಲಿ ದುಃಖ ಹೇಳಲು ಬಾರದಿದ್ದರೆ ಅರ್ಜಿಯಲ್ಲೇ ಕನ್ನಡ ದುಭಾಷಿ ಬೇಕೆಂದು ಬರೆಯಿರಿ. ಮಕ್ಕಳ ಕೇಸಿನಲ್ಲಿ ಕೋರ್ಟೇ ವ್ಯವಸ್ಥೆ ಮಾಡುತ್ತದೆ. ‘ನನಗೆ ಇಂಗ್ಲಿಷ್ ಬರುತ್ತೆ’ ಎಂಬ ಹಮ್ಮು ಪಾಟೀಸವಾಲಿನ ಎದುರು ಹತ್ತು ನಿಮಿಷ ನಿಲ್ಲುವುದಿಲ್ಲ.

ಭಾರತದ ಎಳೆ ಇದ್ದರೆ

ಪಾಸ್‌ಪೋರ್ಟಿನ ಪ್ರಶ್ನೆ ಕೇಳುವುದು ಇದಕ್ಕೇ. ಗಡಿ ದಾಟಿಸಿದ ಮಕ್ಕಳನ್ನು ಹಿಂದಿರುಗಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಇಲ್ಲಿಂದ ಮಗುವನ್ನು ಕರೆದುಕೊಂಡು ಹೋಗಿ ಊರಲ್ಲೇ ಉಳಿದುಬಿಟ್ಟರೆ ಇಲ್ಲಿನ ಆದೇಶ ಅಲ್ಲಿ ತಾನಾಗಿ ಜಾರಿಯಾಗುವುದಿಲ್ಲ. ಅಲ್ಲಿನ ಹೈಕೋರ್ಟಿನಲ್ಲಿ ಮಗುವನ್ನು ಕೋರ್ಟಿನ ಮುಂದೆ ತರಿಸಲು ಹೇಬಿಯಸ್ ಕಾರ್ಪಸ್ ಹಾಕಬೇಕು, ಅಥವಾ ಪೋಷಕತ್ವದ ದಾವೆ ಹೂಡಬೇಕು. ನಿತ್ಯಾ ಆನಂದ್ ರಾಘವನ್ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದ್ದೂ ಇದನ್ನೇ: ವಿದೇಶಿ ಕೋರ್ಟಿನ ಆದೇಶ ಪರಿಗಣಿಸಬೇಕಾದ ಒಂದು ಅಂಶ ಮಾತ್ರ, ಮಗುವಿನ ಹಿತವೇ ಮೊದಲು. ಅದು ಇಂಗ್ಲೆಂಡಿನ ಹೈಕೋರ್ಟು ಕೊಟ್ಟಿದ್ದ ಆದೇಶದ ಬಗ್ಗೆಯೇ ಬಂದ ತೀರ್ಪು.

ಇತ್ತ ಕಡೆಯ ಕಾನೂನು ಇನ್ನೂ ಬಿಗಿ. ಪೋಷಕ ಹೊಣೆ ಇರುವ ಇನ್ನೊಬ್ಬರ ಒಪ್ಪಿಗೆ ಇಲ್ಲದೆ 16ರ ಕೆಳಗಿನ ಮಗುವನ್ನು ದೇಶದಿಂದ ಹೊರಗೆ ಕರೆದೊಯ್ಯುವುದು 1984ರ ಕಾಯ್ದೆಯಡಿ ಕ್ರಿಮಿನಲ್ ಅಪರಾಧವಾಗಬಹುದು. ಮಗು ನಿಮ್ಮ ಜೊತೆ ವಾಸಿಸಬೇಕೆಂಬ ಕೋರ್ಟಿನ ಆದೇಶ ಇದ್ದರೆ, ಬೇರೆ ತಡೆ ಇಲ್ಲದಿದ್ದರೆ, 28 ದಿನದೊಳಗಿನ ಪ್ರವಾಸ ಮಾಡಬಹುದು. ‘ಅಜ್ಜಿ ಮನೆಗೆ ದಸರಾಕ್ಕೆ ಹೋಗುವುದಕ್ಕೂ ಕೋರ್ಟಾ’ ಅಂತ ಸಿಟ್ಟು ಬರುತ್ತದೆ, ನನಗೂ ಬಂದಿತ್ತು. ಆದರೆ ಇಲ್ಲಿನ ನ್ಯಾಯಾಧೀಶರು ಹೇಗ್ ಸೇರದ ದೇಶದ ಪ್ರವಾಸ ಅಂದಕೂಡಲೇ ಮೂರು ತೂಗುತ್ತಾರೆ: ವಾಪಸ್ ಬಾರದಿರುವ ಅಪಾಯ ಎಷ್ಟು, ಹಾಗಾದರೆ ಮಗುವಿಗಾಗುವ ನಷ್ಟ ಎಷ್ಟು, ತಡೆಯಲು ಏನು ಭದ್ರತೆ ಇದೆ. ಮೂರನೆಯದಕ್ಕೆ ಭಾರತದ ಕಾನೂನು ಬಲ್ಲ ತಜ್ಞರ ಅಭಿಪ್ರಾಯ ಬೇಕಾಗಬಹುದು, ಊರಿನ ಕೋರ್ಟಿನಲ್ಲಿ ಅದೇ ಮಾತಿನ ಮಿರರ್ ಆರ್ಡರ್ ಪಡೆಯಬೇಕಾಗಬಹುದು, ಠೇವಣಿ ಇಡಬೇಕಾಗಬಹುದು.

ಇಂಥ ಕೇಸಿಗೆ ಒಬ್ಬರೇ ನಿಲ್ಲಬೇಡಿ, ಬಿಡಿ ಕೆಲಸವೂ ಸಾಲದು. ಅಂತರರಾಷ್ಟ್ರೀಯ ಮಕ್ಕಳ ಕೇಸು ಮಾಡುವ ಸಾಲಿಸಿಟರ್, ಅದೇ ಕೆಲಸದ ಬ್ಯಾರಿಸ್ಟರ್, ಜೊತೆಗೆ ಬೆಂಗಳೂರಿನಲ್ಲೋ ಧಾರವಾಡದಲ್ಲೋ ಒಬ್ಬ ಅಡ್ವೊಕೇಟ್, ಮೂವರೂ ಬೇಕಾಗಬಹುದು. ದುಬಾರಿ, ನಿಜ. ಆದರೆ ಮಗು ವಿಮಾನ ಹತ್ತುವ ಮೊದಲು ಖರ್ಚು ಮಾಡುವುದಕ್ಕೂ ಹತ್ತಿದ ಮೇಲೆ ಖರ್ಚು ಮಾಡುವುದಕ್ಕೂ ಹೋಲಿಕೆಯೇ ಇಲ್ಲ. ಮಗುವನ್ನು ಕರೆದೊಯ್ಯುವ ಸೂಚನೆ ಈ ಗಳಿಗೆಯಲ್ಲಿ ಇದ್ದರೆ ವಕೀಲರ ಆಯ್ಕೆ ಆಮೇಲೆ. ಮೊದಲು ಪೊಲೀಸರಿಗೆ ಫೋನ್ ಮಾಡಿ ಪೋರ್ಟ್ ಅಲರ್ಟ್ (ವಿಮಾನ ನಿಲ್ದಾಣ, ಬಂದರುಗಳಿಗೆ ಕಳಿಸುವ ಎಚ್ಚರಿಕೆ) ಕೇಳಿ. ರಿಯುನೈಟ್ ಎಂಬ ಸಂಸ್ಥೆಯ ಸಹಾಯವಾಣಿ ಇದೇ ಕೆಲಸಕ್ಕಾಗಿ ಇದೆ.

ವಿಚ್ಛೇದನದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. 2022ರ ಏಪ್ರಿಲ್ 6ರಿಂದ ಇಲ್ಲಿ ತಪ್ಪು ಹೊರಿಸದೆ ವಿಚ್ಛೇದನ ಪಡೆಯಬಹುದು. ಆನ್‌ಲೈನ್ ಅರ್ಜಿ, 600 ಪೌಂಡಿಗೆ ಸ್ವಲ್ಪ ಮೇಲೆ ಶುಲ್ಕ, ಬ್ಯಾರಿಸ್ಟರ್ ಬೇಕಿಲ್ಲ. ಆದರೆ ಮದುವೆ ಊರಲ್ಲಿ ಹಿಂದೂ ವಿವಾಹ ಕಾಯ್ದೆಯಡಿ ಆಗಿದ್ದರೆ, ಆ ಕಾಯ್ದೆಯಲ್ಲಿ ಇಲ್ಲದ ಕಾರಣಕ್ಕೆ ಒಬ್ಬರೇ ಪಡೆದ ವಿದೇಶಿ ವಿಚ್ಛೇದನವನ್ನು ಭಾರತದಲ್ಲಿ ಪ್ರಶ್ನಿಸಬಹುದು. 1991ರ ನರಸಿಂಹ ರಾವ್ ಪ್ರಕರಣದ ತೀರ್ಪು ಇದಕ್ಕೆ ಬುನಾದಿ. ಇಬ್ಬರೂ ಸೇರಿ ಜಂಟಿ ಅರ್ಜಿ ಹಾಕಿದರೆ ತಲೆನೋವು ಕಡಿಮೆ. ಮರುಮದುವೆಯ ಯೋಚನೆ ಇರುವವರು ಊರಿನ ವಕೀಲರ ಬಾಯಿಂದ ಒಂದು ಮಾತು ಕೇಳಿಕೊಂಡೇ ಮುಂದುವರಿಯಿರಿ.

ಹೆಸರುಗಳ ಪಟ್ಟಿ ಕೈಗೆ ಬಂದಾಗ

ಚೇಂಬರ್ಸ್ ಪುಟದಲ್ಲಿ ‘ಫ್ಯಾಮಿಲಿ’ ಅಂತ ಇದ್ದರೆ ಸಾಲದು. ಫ್ಯಾಮಿಲಿ ಲಾ ಒಳಗೇ ದುಡ್ಡಿನ ಕೇಸಿನವರು ಬೇರೆ, ಮಕ್ಕಳ ಕೇಸಿನವರು ಬೇರೆ. ಮೈಸೂರಿನ ಸೈಟು, ಎನ್‌ಆರ್‌ಇ ಠೇವಣಿ, ಲಾಕರಿನ ಒಡವೆ ಎಲ್ಲವೂ ಫಾರ್ಮ್ ಇ ಎಂಬ ಆಸ್ತಿ ಘೋಷಣೆಯಲ್ಲಿ ಬರಬೇಕಾದವು, ಅದಕ್ಕೆ ಮೊದಲಿನವರು. ಮಗುವಿನ ವಿಷಯಕ್ಕೆ ಎರಡನೆಯವರು. ವ್ಯಕ್ತಿಯ ಪುಟದಲ್ಲಿ ಇತ್ತೀಚೆಗೆ ನಡೆಸಿದ ಕೇಸುಗಳನ್ನು ಓದಿದರೆ ಗೊತ್ತಾಗುತ್ತದೆ. ‘ಕಾಲ್’ ಎಂದು ಒಂದು ವರ್ಷ ಬರೆದಿರುತ್ತದೆ, ಬ್ಯಾರಿಸ್ಟರ್ ಆದ ವರ್ಷ. ಮೊದಲ ವಿಚಾರಣೆಗೆ ಮೂರು ನಾಲ್ಕು ವರ್ಷದವರು ಸಾಕು, ಫ್ಯಾಕ್ಟ್ ಫೈಂಡಿಂಗ್‌ಗೆ ಹತ್ತರ ಆಚೆಯವರು ಮೇಲು ಎಂಬುದು ನನ್ನ ಲೆಕ್ಕ. ಹೆಸರಿನ ಕೊನೆಗೆ ಕೆಸಿ (ಕಿಂಗ್ಸ್ ಕೌನ್ಸೆಲ್, ಹಿರಿಯ ಬ್ಯಾರಿಸ್ಟರುಗಳಿಗೆ ಕೊಡುವ ಪದವಿ) ಇರುವವರು ಮಗುವಿನ ವಾರಾಂತ್ಯದ ಜಗಳಕ್ಕೆ ಬೇಕಿಲ್ಲ. ಬಾಳೆಹಣ್ಣು ಸುಲಿಯಲು ಕೊಡಲಿ ತಂದ ಹಾಗೆ.

ಕ್ಲರ್ಕಿಗೆ ಕೇಳಬೇಕಾದ್ದು: ಫೀಸಿನಲ್ಲಿ ಮುನ್ನಾದಿನದ ಮಾತುಕತೆ ಸೇರಿದೆಯೇ, ವ್ಯಾಟ್ ಸೇರಿದೆಯೇ? ಹಿಂದಿನ ದಿನ ವಿಚಾರಣೆ ಮುಂದೆ ಹೋದರೆ ದುಡ್ಡು ಎಷ್ಟು ವಾಪಸ್? ಈ ಬ್ಯಾರಿಸ್ಟರ್ ಬೇರೆ ಕೇಸಿನಲ್ಲಿ ಸಿಕ್ಕಿಬಿದ್ದರೆ ಬದಲಿಗೆ ಯಾರು ಬರುತ್ತಾರೆ? ಕೊನೆಯದು ಕೇಳದೆ ನಾನು ಕೆಟ್ಟೆ. ನಾನು ಆರಿಸಿದವರು ಬರಲಿಲ್ಲ, ನನ್ನ ಫೈಲನ್ನು ಆವತ್ತು ಬೆಳಿಗ್ಗೆ ರೈಲಿನಲ್ಲಿ ಓದಿದವರು ಬಂದರು. ನಿಯಮದಲ್ಲಿ ಅದು ತಪ್ಪಲ್ಲ. ಕೆಲಸದಲ್ಲಿ ನಿಜಕ್ಕೂ ತಪ್ಪಾಗಿದ್ದರೆ ಮೊದಲು ಚೇಂಬರ್ಸಿಗೆ, ಅಲ್ಲಿ ಬಗೆಹರಿಯದಿದ್ದರೆ ಲೀಗಲ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ವೀಸಾ ಪ್ರಶ್ನೆಯನ್ನು ಇವರ ತಲೆಗೆ ಕಟ್ಟಬೇಡಿ. ಡಿಪೆಂಡೆಂಟ್ ವೀಸಾದಲ್ಲಿರುವವರು ಮನೆ ಬಿಟ್ಟು ಹೊರಡುವ ಮೊದಲೇ ಇಮಿಗ್ರೇಷನ್ ವಕೀಲರನ್ನು ಬೇರೆಯಾಗಿ ಕಾಣಬೇಕು.

ಕೈಯಲ್ಲಿ ಐನೂರು ಪೌಂಡ್ ಮಾತ್ರ ಇದ್ದರೆ: ಮಧ್ಯಸ್ಥಿಕೆಗೆ ಹೋಗಿ, ಆಗದಿದ್ದರೆ ಒಂದು ಗಂಟೆ ಸಾಲಿಸಿಟರ್ ಸಲಹೆ ಕೊಂಡು ಉಳಿದದ್ದು ನೀವೇ ಮಾಡಿ. ಎರಡು ಮೂರು ಸಾವಿರ ಇದ್ದರೆ: ಮೊದಲ ವಿಚಾರಣೆಗೆ ನೀವೇ ಹೋಗಿ, ಆರೋಪ ಇದ್ದರೆ ಫ್ಯಾಕ್ಟ್ ಫೈಂಡಿಂಗ್‌ಗೆ, ಇಲ್ಲದಿದ್ದರೆ ಫೈನಲ್ಲಿಗೆ ನೇರ ಬ್ಯಾರಿಸ್ಟರ್. ಹತ್ತು ಸಾವಿರದ ಮೇಲೆ ಇದ್ದು ಭಾರತದ ಎಳೆಯೂ ಇದ್ದರೆ ಪೂರ್ತಿ ಸಾಲಿಸಿಟರ್, ಮೊದಲ ದಿನದಿಂದಲೇ. ಹತ್ತು ಸಾವಿರ ಇದ್ದೂ ಭಾರತದ ಎಳೆ, ಹೆದರಿಕೆ ಎರಡೂ ಇಲ್ಲದವರು ಅಷ್ಟನ್ನೂ ವಕೀಲರಿಗೆ ಕೊಡಬೇಕಾಗಿಲ್ಲ.

ಯಾರನ್ನೇ ಆರಿಸಿದರೂ ಆ ದಿನ ಒಂದು ಗಂಟೆ ಮೊದಲೇ ಕೋರ್ಟಿಗೆ ಹೋಗಿ. ಅರ್ಧ ಕೇಸು ಬಗೆಹರಿಯುವುದು ಒಳಗಲ್ಲ, ಹೊರಗಿನ ಕಾರಿಡಾರಿನಲ್ಲಿ ಬ್ಯಾರಿಸ್ಟರುಗಳು ಆ ಕೋಣೆಗೂ ಈ ಕೋಣೆಗೂ ಓಡಾಡುವಾಗ. ಸಂಜೆ ಆದೇಶದ ಕರಡು ಬರೆಯುವಾಗ ನಿಮ್ಮ ಬ್ಯಾರಿಸ್ಟರಿಗೆ ಮನೆಗೆ ಹೊರಡುವ ಆತುರ ಇರುತ್ತದೆ, ನಿಮಗೂ ಇರುತ್ತದೆ. ಆದರೂ ಕರಡು ಕೈಗೆ ಕೇಳಿ ಪಡೆಯಿರಿ. ಶಾಲೆಯಿಂದ ಮಗುವನ್ನು ಕರೆದುಕೊಳ್ಳುವವರು ಯಾರು, ಊರಿಗೆ ಹೋಗಿಬರುವ ವಾರಗಳು ಯಾವುವು, ಪಾಸ್‌ಪೋರ್ಟ್ ಯಾರ ಹತ್ತಿರ ಇರಬೇಕು ಎಂದು ಅದರಲ್ಲಿ ಬರೆದಿದೆಯೇ ನೋಡಿ. ಇಲ್ಲದಿದ್ದರೆ ಕೋಟು ಹಾಕಿಕೊಳ್ಳುವ ಮೊದಲೇ ಬರೆಸಿ.